ಎರಡು ಬೆಟ್ಟ, ನಡುವೆ ಸೂರ್ಯ

ಐದನೇ ಕ್ಲಾಸಿನ ಮಕ್ಕಳ ಕೈಗೆ ಖಾಲಿ ಹಾಳೆ ಕೊಟ್ಟು "ಏನು ಬೇಕಾದರೂ ಬರೀರಿ" ಅಂದುನೋಡಿ. ಬಹುಪಾಲು ಹಾಳೆಗಳಲ್ಲಿ ಒಂದೇ ಚಿತ್ರ ಇರುತ್ತದೆ. ಎರಡು ಬೆಟ್ಟ, ನಡುವೆ ಸೂರ್ಯ, ಬೆಟ್ಟದ ಸಂದಿಯಿಂದ ಬಳುಕುತ್ತ ಇಳಿಯುವ ಹೊಳೆ, ದಡದಲ್ಲೊಂದು ಗುಡಿಸಲು, ಪಕ್ಕದಲ್ಲಿ ಬಾಗಿದ ತೆಂಗಿನಮರ, ಮೇಲೆ ನಾಲ್ಕು ಗೀಟು ಹಕ್ಕಿ. ಪಾಂಡವಪುರದ ಮಗು ಹೀಗೆ ಬರೆದರೆ ಒಪ್ಪಿಕೊಳ್ಳೋಣ, ಅಲ್ಲಿ ಕುಂತಿಬೆಟ್ಟ ಇದೆ. ಮದ್ದೂರಿನ ಬಯಲಲ್ಲಿ ಕೂತ ಮಗುವೂ ಇದನ್ನೇ ಬರೆಯುತ್ತದಲ್ಲ! ಆ ಮಗುವಿನ ಮನೆ ಹೆಂಚಿನದೋ ತಾರಸಿಯದೋ ಇರುತ್ತದೆ, ಸುತ್ತ ಕಬ್ಬು ಭತ್ತ, ಎದುರಿಗೆ ನೆಟ್ಟಗೆ ಹರಿಯುವ ನಾಲೆ. ಅದರಲ್ಲಿ ಒಂದೂ ಹಾಳೆಯ ಮೇಲೆ ಬರುವುದಿಲ್ಲ.

ಈ ಚಿತ್ರ ಮಗು ಕಂಡದ್ದಲ್ಲ, ಕಲಿತದ್ದು. ಬೋರ್ಡಿನ ಮೇಲೆ ಬರೆದದ್ದನ್ನು ನಕಲು ಮಾಡಿ, ಅಕ್ಕನ ಪುಸ್ತಕದಲ್ಲಿದ್ದದ್ದನ್ನು ನೋಡಿ, "ಚೆನ್ನಾಗಿದೆ" ಅನ್ನಿಸಿಕೊಂಡು ಕೈಗೆ ಕೂತದ್ದು. ಶಾಲೆಯಲ್ಲಿ ಚಿತ್ರಕಲೆ ಯಾಕೆ ಬೇಕು ಎಂದು ಕೇಳುವವರಿಗೆ "ಮಕ್ಕಳ ಸೃಜನಶೀಲತೆ ಅರಳುತ್ತದೆ" ಎಂಬ ಉತ್ತರ ಕೊಟ್ಟು ಕೊಟ್ಟು ಸವೆದುಹೋಗಿದೆ. ಅದಕ್ಕಿಂತ ಗಟ್ಟಿಯಾದ ಉತ್ತರ ಒಂದಿದೆ: ಕಣ್ಣೆದುರಿಗೆ ಇರುವುದನ್ನು ಇರುವ ಹಾಗೆ ನೋಡಲು ಮಗುವಿಗೆ ಪುರುಸೊತ್ತು ಕೊಡುವ ಪೀರಿಯಡ್ ಅದೊಂದೇ. ವಿಜ್ಞಾನದಲ್ಲಿ ಉತ್ತರ ಮೊದಲೇ ಪುಸ್ತಕದಲ್ಲಿರುತ್ತದೆ. ಗಣಿತದಲ್ಲಿ ಹಿಂದಿನ ಪುಟದಲ್ಲಿರುತ್ತದೆ. ಚಿತ್ರದಲ್ಲಿ ಎದುರಿಗಿರುವ ವಸ್ತುವೇ ಉತ್ತರ.

ಮಂಡ್ಯ ಸೀಮೆಯಲ್ಲಿ ಇದನ್ನು ಪರೀಕ್ಷಿಸಿ ನೋಡಲು ಕಬ್ಬಿಗಿಂತ ಒಳ್ಳೆಯ ವಸ್ತು ಇಲ್ಲ.

ಮೊದಲ ಹತ್ತು ನಿಮಿಷ ಮಕ್ಕಳು ನೆನಪಿನಿಂದಲೇ ಒಂದು ಜಲ್ಲೆ ಬರೆಯಲಿ. ಎಲ್ಲರೂ ಎರಡು ಉದ್ದ ಗೆರೆ ಎಳೆದು, ನಡುವೆ ಸಮ ಅಂತರದಲ್ಲಿ ಅಡ್ಡಗೆರೆ ಹಾಕುತ್ತಾರೆ. ಏಣಿ ಥರ. ಆ ಹಾಳೆ ಪಕ್ಕಕ್ಕಿಡಿಸಿ, ಐದು ಮಕ್ಕಳಿಗೆ ಒಂದರಂತೆ ಜಲ್ಲೆಯ ತುಂಡು ಕೊಡಿ. ಒಂದೊಂದರಲ್ಲೂ ಕನಿಷ್ಠ ನಾಲ್ಕು ಗೆಣ್ಣು ಇರಬೇಕು, ಒಂದು ತುಂಡಾದರೂ ಬುಡದ ಕಡೆಯದಿರಬೇಕು. ಐದು ನಿಮಿಷ ಪೆನ್ಸಿಲ್ ಮುಟ್ಟುವ ಹಾಗಿಲ್ಲ, ನೋಡುವುದು ಮತ್ತು ಸವರುವುದು ಮಾತ್ರ. ಆಮೇಲೆ ಪ್ರಶ್ನೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಒಂದೇ ಇದೆಯಾ? ಬುಡದಲ್ಲಿ ಗೆಣ್ಣು ಒತ್ತೊತ್ತಾಗಿ, ನಡುವೆ ದೂರದೂರವಾಗಿ ಇರುವುದು ಆಗ ಕಾಣುತ್ತದೆ. ಕಣ್ಣು, ಅಂದರೆ ಮೊಳಕೆ ಹೊರಡುವ ಮೊಗ್ಗು, ಎಲ್ಲಿದೆ? ಒಂದು ಗೆಣ್ಣಿನಲ್ಲಿ ಈ ಕಡೆ ಇದ್ದರೆ ಮುಂದಿನದರಲ್ಲಿ ಆ ಕಡೆ. ಗೆಣ್ಣಿನ ಕೆಳಗೆ ಬೂದಿ ಬಳಿದಂತಿರುವ ಪಟ್ಟಿ ಏನು? ಉಗುರಲ್ಲಿ ಕೆರೆದರೆ ಮೇಣದ ಹಾಗೆ ಬರುತ್ತದೆ, ಮೇಣವೇ ಅದು. ಮೇಲೆ ಸುತ್ತಲೂ ಚುಕ್ಕಿ ಇಟ್ಟಹಾಗಿರುವುದು? ಮಣ್ಣಲ್ಲಿ ಹೂತರೆ ಬೇರು ಹೊರಡುವುದು ಅಲ್ಲಿಂದಲೇ. ಬಿತ್ತನೆ ತುಂಡು ಕಡಿಯುವಾಗ ಅಪ್ಪ ಯಾಕೆ ಕಣ್ಣು ಎಣಿಸಿ ಕಡಿಯುತ್ತಾನೆ ಎಂಬುದನ್ನು ಹೇಳಲು ಕ್ಲಾಸಿನಲ್ಲಿ ಒಬ್ಬನಾದರೂ ಇದ್ದೇ ಇರುತ್ತಾನೆ. ಅವನು ಹೇಳಲಿ, ಮೇಷ್ಟ್ರು ಬಾಯಿ ಹಾಕುವುದು ಬೇಡ.

ಇಷ್ಟಾದ ಮೇಲೆ ಇಪ್ಪತ್ತೈದು ನಿಮಿಷ ಬರೆಯಲು. ಹಾಳೆ ದೊಡ್ಡದಿರಲಿ, ಚಿತ್ರ ಜಲ್ಲೆಯಷ್ಟೇ ದಪ್ಪ ಬರಲಿ, ರಬ್ಬರ್ ಬೇಡ. ರಬ್ಬರ್ ಕೈಯಲ್ಲಿದ್ದರೆ ಮಗು ವಸ್ತುವನ್ನು ಬಿಟ್ಟು ತನ್ನ ಗೆರೆಯನ್ನೇ ನೋಡುತ್ತ ಕೂರುತ್ತದೆ. ಅರ್ಧ ಪೀರಿಯಡ್ ಉಜ್ಜುವುದರಲ್ಲೇ ಕಳೆದು ಹಾಳೆ ತೂತಾಗುತ್ತದೆ. ತಪ್ಪಾದರೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಲಿ. ಇನ್ನೊಂದು ಮಾತು: ಕೊನೆಯಲ್ಲಿ ಕಬ್ಬು ತಿನ್ನಬಹುದು ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಮಾದರಿ ಹತ್ತೇ ನಿಮಿಷದಲ್ಲಿ ಸಿಪ್ಪೆಯಾಗಿರುತ್ತದೆ.

ಏಣಿಯಂಥ ಹಳೆಯ ಹಾಳೆಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರೆ ಪಾಠ ಮುಗಿಯಿತು. ಮೈಸೂರಿನ ಶಾಲೆಗಳಲ್ಲಿ ಕಬ್ಬಿನ ಜಾಗಕ್ಕೆ ವೀಳ್ಯದೆಲೆ ತರಬಹುದು. ಬೆನ್ನ ಕಡೆ ತಿರುಗಿಸಿದರೆ ನರಗಳು ಎದ್ದು ಕಾಣುತ್ತವೆ. ಅವು ನಡುನರದಿಂದ ಎಲ್ಲಿ ಕವಲೊಡೆಯುತ್ತವೆ, ಅಂಚಿಗೆ ನೆಟ್ಟಗೆ ಹೋಗುತ್ತವೋ ಬಿಲ್ಲಿನಂತೆ ಬಾಗಿ ತುದಿಗೆ ಬರುತ್ತವೋ ಎಂದು ನೋಡಿ ಬರೆಯಲು ಎಂಟನೇ ಕ್ಲಾಸಿನವರಿಗೂ ಬೆವರು ಬರುತ್ತದೆ.

ಆದರೆ ಇದೇ ಕಬ್ಬನ್ನು ಎರಡನೇ ಕ್ಲಾಸಿಗೆ ತೆಗೆದುಕೊಂಡು ಹೋಗಬೇಡಿ. ಆರೇಳು ವರ್ಷದ ಮಗು ಕಂಡದ್ದನ್ನು ಬರೆಯುವುದಿಲ್ಲ, ಗೊತ್ತಿರುವುದನ್ನು ಬರೆಯುತ್ತದೆ. ಮನೆಯ ಗೋಡೆಯೂ ಕಾಣುತ್ತದೆ, ಒಳಗೆ ಅಮ್ಮ ಅಡುಗೆ ಮಾಡುವುದೂ ಕಾಣುತ್ತದೆ. ಬಸುರಿ ಹಸುವಿನ ಹೊಟ್ಟೆಯೊಳಗೆ ಕರು ನಿಂತಿರುತ್ತದೆ. ಅಜ್ಜಿ ಮನೆಗಿಂತ ದೊಡ್ಡವಳು, ಏಕೆಂದರೆ ಅಜ್ಜಿ ಮುಖ್ಯ. ಇದನ್ನು ತಪ್ಪೆಂದು ತಿದ್ದುವ ಮೇಷ್ಟ್ರು ಮಗುವಿನ ಭಾಷೆಯನ್ನೇ ತಿದ್ದಿದ ಹಾಗೆ. ಮಕ್ಕಳ ಚಿತ್ರಗಳ ಈ ಹಂತಗಳನ್ನು ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ವಯಸ್ಸುವಾರಿ ವಿಂಗಡಿಸಿ ತೋರಿಸಿದರು. ಎರಡರಿಂದ ನಾಲ್ಕು ವರ್ಷದವರೆಗೆ ಗೀಚುವುದು, ಏಳರವರೆಗೆ ತಲೆಯಿಂದಲೇ ಕೈಕಾಲು ಹೊರಟ ಮನುಷ್ಯ, ಒಂಬತ್ತರವರೆಗೆ ತಳದಲ್ಲೊಂದು ನೆಲದ ಗೆರೆ ಎಳೆದು ಅದರ ಮೇಲೆ ಎಲ್ಲವನ್ನೂ ನಿಲ್ಲಿಸುವುದು. ಒಂಬತ್ತು, ಹತ್ತರ ಹೊತ್ತಿಗೆ ಮಗುವಿಗೇ ಅನ್ನಿಸತೊಡಗುತ್ತದೆ: ನಾನು ಬರೆದ ಹಸು ಹಸುವಿನ ಹಾಗಿಲ್ಲ. "ನನಗೆ ಡ್ರಾಯಿಂಗ್ ಬರಲ್ಲ ಸಾರ್" ಎಂಬ ಮಾತು ಹುಟ್ಟುವ ವಯಸ್ಸು ಇದು. ನೋಡಿ ಬರೆಯುವುದನ್ನು ಕಲಿಸಬೇಕಾದದ್ದು ಆಗಲೇ, ಅಂದರೆ ನಾಲ್ಕು, ಐದನೇ ಕ್ಲಾಸಿನಲ್ಲಿ. ನಮ್ಮ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರು ಸಿಗುವುದಾದರೆ ಹೈಸ್ಕೂಲಿನಲ್ಲಿ. ಅಷ್ಟರಲ್ಲಿ ಅರ್ಧ ಮಕ್ಕಳು ತಮಗೆ ಬರಲ್ಲ ಎಂದು ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ.

ಎಲ್ಲ ವಯಸ್ಸಿಗೂ ಒಂದೇ ನಿಯಮ: ದೊಡ್ಡವರ ಪೆನ್ಸಿಲ್ ಮಗುವಿನ ಹಾಳೆಗೆ ತಾಗಬಾರದು. ತೋರಿಸಲೇಬೇಕಾದರೆ ಬೇರೆ ಚೀಟಿಯಲ್ಲಿ ಬರೆದು ತೋರಿಸಿ, ಹರಿದು ಹಾಕಿ.

ಇನ್ನು ಸಮಯದ ಮಾತು. ವಾರಕ್ಕೊಂದು 40 ನಿಮಿಷದ ಪೀರಿಯಡ್‌ನಲ್ಲಿ ಬಣ್ಣದ ಕೆಲಸ ಆಗುವುದಿಲ್ಲ. ಲೆಕ್ಕ ಹಾಕಿ. ಹಿಂದಿನ ಪೀರಿಯಡ್ ಮುಗಿದು ಮಕ್ಕಳು ಕೂರಲು 5 ನಿಮಿಷ, ಹಾಳೆ, ನೀರು, ಬಣ್ಣ ಹಂಚಲು 8, ಏನು ಮಾಡಬೇಕೆಂದು ಹೇಳಲು 5, ಕೊನೆಗೆ ತೊಳೆದು ಒರೆಸಿಡಲು 10. ಉಳಿದದ್ದು 12 ನಿಮಿಷ. ಎರಡು ಪೀರಿಯಡ್ ಸೇರಿಸಿ 80 ನಿಮಿಷ ಕೊಟ್ಟರೆ ಉಳಿಯುವುದು 52 ನಿಮಿಷ, ಎರಡರಷ್ಟಲ್ಲ, ನಾಲ್ಕರಷ್ಟು. ಆದ್ದರಿಂದ ವಾರಕ್ಕೊಂದು ಸಿಂಗಲ್ ಪೀರಿಯಡ್ ಬದಲು ಹದಿನೈದು ದಿನಕ್ಕೊಂದು ಡಬಲ್ ಪೀರಿಯಡ್ ಆದರೂ ಲಾಭವೇ. ಹೆಡ್‌ಮಾಸ್ಟರಿಗೆ ಇದರಿಂದ ಒಂದು ನಿಮಿಷವೂ ಖರ್ಚಿಲ್ಲ, ವೇಳಾಪಟ್ಟಿ ಮಾಡುವವರಿಗೆ ಒಂದಿಷ್ಟು ತಲೆನೋವು ಅಷ್ಟೇ. ಡಬಲ್ ಪೀರಿಯಡ್ಡನ್ನು ಊಟದ ಬಿಡುವಿಗೆ ಮುಂಚೆ ಹಾಕಿಸಿಕೊಳ್ಳಿ. ತೊಳೆಯುವುದು ತಡವಾದರೆ ಮುಂದಿನ ಪಾಠದವರು ಬಾಗಿಲಲ್ಲಿ ಕಾಯುವುದಿಲ್ಲ, ನಲ್ಲಿಯ ಹತ್ತಿರ ಹೇಗೂ ಕೈ ತೊಳೆಯಲು ಹೋಗಬೇಕು.

ಕಲಾ ಶಿಕ್ಷಣ ಬೇಕೆಂದು ಕೇಳುವ ಹಕ್ಕು ಪೋಷಕರಿಗೆ ಇದೆಯೇ? ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಬರೆದಿದೆ: 6ರಿಂದ 8ನೇ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ನೂರು ದಾಟಿದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೂ ಕಲೆ ಒಂದು ವಿಷಯವಾಗಿ ಇರಬೇಕೆಂದಿತು. 2020ರ ಶಿಕ್ಷಣ ನೀತಿ ಬೇರೆ ಪಾಠಗಳ ಜೊತೆಗೂ ಕಲೆಯನ್ನು ಬೆಸೆಯಿರಿ ಎನ್ನುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕಾಂಪೌಂಡು, ಶೌಚಾಲಯ, ಬಿಸಿಯೂಟದ ಮಾತು ಮುಗಿದ ಮೇಲೆ ಇದನ್ನೂ ಒಂದು ಸಾಲು ನಡಾವಳಿಗೆ ಸೇರಿಸಬಹುದು. ಜೊತೆಗೆ ಇನ್ನೊಂದು ಸಾಲು: ಡ್ರಾಯಿಂಗ್ ಮೇಷ್ಟ್ರ ಪೀರಿಯಡ್ಡು ಬ್ಯಾನರ್ ಬರೆಯಲು, ವೇದಿಕೆ ಸಿಂಗರಿಸಲು, ರಜೆ ಹಾಕಿದವರ ಕ್ಲಾಸು ಕಾಯಲು ಅಲ್ಲ. ಸ್ವಾತಂತ್ರ್ಯ ದಿನಾಚರಣೆಗೆ ಹದಿನೈದು ದಿನ ಮುಂಚಿನಿಂದ ಚಿತ್ರಕಲೆ ಪೀರಿಯಡ್ ನಡೆಯದ ಶಾಲೆಗಳು ಕಡಿಮೆಯೇನಿಲ್ಲ.

ಊರಿನ ಹಳೆಯ ವಿದ್ಯಾರ್ಥಿಗಳೋ ದಾನಿಗಳೋ ಮುಂದೆ ಬಂದರೆ ಸಾಮಾನ್ಯವಾಗಿ ಏನು ಕೊಡುತ್ತಾರೆ? ಮಗುವಿಗೊಂದು ಹನ್ನೆರಡು ಬಣ್ಣದ ಸಣ್ಣ ಮೇಣದ ಕ್ರೇಯಾನ್ ಪೆಟ್ಟಿಗೆ, ಒಂದು ಡ್ರಾಯಿಂಗ್ ಪುಸ್ತಕ, ಒಂದು ಫೋಟೋ. ಅಗ್ಗದ ಮೇಣದ ಕ್ರೇಯಾನಿನಲ್ಲಿ ಬಣ್ಣಕ್ಕಿಂತ ಮೇಣವೇ ಹೆಚ್ಚು. ಎಷ್ಟು ಒತ್ತಿದರೂ ಗೀರು ತೆಳು. ಒತ್ತಿ ಒತ್ತಿ ಮುರಿದು ಹದಿನೈದು ದಿನದಲ್ಲಿ ಪೆಟ್ಟಿಗೆ ಖಾಲಿ. ಅದೇ ದುಡ್ಡನ್ನು ಒಟ್ಟು ಮಾಡಿ ಶಾಲೆಗೆ ಸಾಮೂಹಿಕವಾಗಿ ಸಾಮಾನು ತಂದರೆ ಕೆಲಸ ಆಗುತ್ತದೆ.

40 ಮಕ್ಕಳ ಒಂದು ತರಗತಿ, ವಾರಕ್ಕೊಂದರ ಲೆಕ್ಕದಲ್ಲಿ ವರ್ಷಕ್ಕೆ 30 ಡಬಲ್ ಪೀರಿಯಡ್ ಎಂದಿಟ್ಟುಕೊಳ್ಳಿ, ಹದಿನೈದು ದಿನಕ್ಕೊಂದಾದರೆ ಇದರ ಅರ್ಧ. 12 ನೋಡಿ ಬರೆಯಲು, 10 ಬಣ್ಣಕ್ಕೆ, 5 ಮಣ್ಣಿಗೆ, 3 ಕಾಗದದ ಕೆಲಸಕ್ಕೂ ಹೊರಗೆ ಹೋಗುವುದಕ್ಕೂ. ನೋಡಿ ಬರೆಯಲು 12 ಸಲ 40, ಅಂದರೆ 480 ಹಾಳೆ. ಎ3 ಅಳತೆಯ 80 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಕಾಗದದ ಒಂದು ರೀಮಿನಲ್ಲಿ 500 ಇರುತ್ತದೆ, ಸರಿಹೋಯಿತು. ಬಣ್ಣಕ್ಕೆ ಈ ಕಾಗದ ನಡೆಯುವುದಿಲ್ಲ. ನೀರು ಬಿದ್ದೊಡನೆ ಉಬ್ಬಿ, ಗುಂಡಿಯಲ್ಲಿ ಬಣ್ಣ ನಿಂತು, ಕುಂಚ ಎರಡು ಸಲ ಆಡಿಸಿದರೆ ನಾರು ಏಳುತ್ತದೆ. 150 ಜಿಎಸ್‌ಎಂ ಅಥವಾ ಅದಕ್ಕಿಂತ ದಪ್ಪದ ಕಾರ್ಟ್ರಿಡ್ಜ್ ಹಾಳೆ 450 ಬೇಕು. ಅಷ್ಟು ಆಗದಿದ್ದರೆ ಮದುವೆ ಕಾರ್ಡು, ರಟ್ಟಿನ ಡಬ್ಬದ ಒಳಮೈ ಆದೀತು. ಹೊಳಪಿನ ಕಾಗದ ಬೇಡ, ಅದು ಬಣ್ಣ ಹಿಡಿಯುವುದಿಲ್ಲ.

ಬಣ್ಣ ನಾಲ್ಕೇ ಸಾಕು: ಲೆಮನ್ ಹಳದಿ, ಕ್ರಿಮ್ಸನ್ ಕೆಂಪು, ಅಲ್ಟ್ರಾಮರೀನ್ ನೀಲಿ, ಬಿಳಿ. ದೊಡ್ಡ ಬಾಟಲಿಯ ಪೋಸ್ಟರ್ ಕಲರ್ ತನ್ನಿ. ಐದೈದು ಮಕ್ಕಳ ಎಂಟು ಗುಂಪು, ಗುಂಪಿಗೆ ಪ್ರತಿ ಬಣ್ಣ ಎರಡು ಚಮಚ, ಅಂದರೆ ಸುಮಾರು 10 ಮಿಲಿ. ಒಂದು ದಿನಕ್ಕೆ 80 ಮಿಲಿ, ಹತ್ತು ದಿನಕ್ಕೆ 800. ಚೆಲ್ಲುವುದು ಸೇರಿ ಕೆಂಪು, ನೀಲಿ ಒಂದೊಂದು ಲೀಟರ್. ಹಳದಿ, ಬಿಳಿ ಒಂದೂವರೆ ಲೀಟರ್ ಇರಲಿ. ಹಳದಿ ಹೆಚ್ಚು ಖರ್ಚಾಗುವುದಕ್ಕೆ ಕಾರಣ ಇದೆ. ಹಸಿರು ಮಾಡಲು ಮಕ್ಕಳು ನೀಲಿಗೆ ಹಳದಿ ಹಾಕುತ್ತಾರೆ. ಎಷ್ಟು ಹಾಕಿದರೂ ನೀಲಿಯೇ ಗೆಲ್ಲುತ್ತದೆ, ಹಳದಿ ಬಟ್ಟಲು ಬರಿದಾಗುತ್ತದೆ. ಹಳದಿಯ ಮುದ್ದೆಗೆ ಕುಂಚದ ತುದಿಯಲ್ಲಿ ಒಂದಿಷ್ಟೇ ನೀಲಿ ತಾಗಿಸಿದರೆ ಗದ್ದೆಯ ಹಸಿರು ಬರುತ್ತದೆ. ಇನ್ನೊಂದು ಚೂರು ತಾಗಿಸಿದರೆ ಮಾವಿನೆಲೆ, ಕೆಂಪಿನ ಸೋಂಕು ಕೊಟ್ಟರೆ ಒಣಗುತ್ತಿರುವ ಸೋಗೆ. ತಿಳಿ ಬಣ್ಣಕ್ಕೆ ಗಾಢ ಬಣ್ಣ ಸೇರಿಸು, ತಿರುಗುಮುರುಗು ಬೇಡ: ಇಷ್ಟೇ ಸೂತ್ರ. ಕೆಂಪು ಕೊಳ್ಳುವಾಗಲೂ ಹೆಸರು ನೋಡಿ ಕೊಳ್ಳಬೇಕು. ವರ್ಮಿಲಿಯನ್ ಎಂಬ ಕೆಂಪಿನಲ್ಲಿ ಹಳದಿಯ ಛಾಯೆ ಇದೆ. ಅದಕ್ಕೆ ನೀಲಿ ಬೆರೆಸಿದರೆ ಮೂರೂ ಸೇರಿ ಕೆಸರುಬಣ್ಣ ಆಗುತ್ತದೆ, ನೇರಳೆ ಬರುವುದಿಲ್ಲ. "ನೇರಳೆ ಬರ್ತಿಲ್ಲ ಮಿಸ್" ಎಂದರೆ ತಪ್ಪು ಮಗುವಿನದಲ್ಲ, ಬಾಟಲಿಯದು. ಕಪ್ಪು ಬೇಡವೇ ಬೇಡ. ಕೊಟ್ಟರೆ ಮೊದಲು ಎಲ್ಲಕ್ಕೂ ಕಪ್ಪು ಅಂಚು ಕಟ್ಟುತ್ತಾರೆ, ಆಮೇಲೆ ಆ ಕುಂಚವನ್ನು ಹಳದಿಗೆ ಅದ್ದುತ್ತಾರೆ.

ಕುಂಚ ಮಗುವಿಗೊಂದು 8ನೇ ನಂಬರಿನ ದುಂಡು ಕುಂಚ, ಗುಂಪಿಗೆರಡು 4ನೇ ನಂಬರು, ಒಂದು ಚಪ್ಪಟೆ ಕುಂಚ. ಸಿಂಥೆಟಿಕ್ ಕೂದಲಿನದು ಸಾಕು. ಸಣ್ಣ ಕುಂಚ ಮಾತ್ರ ಕೊಟ್ಟರೆ ಚಿತ್ರವೂ ಸಣ್ಣದಾಗಿ ಹಾಳೆಯ ಮೂಲೆ ಸೇರುತ್ತದೆ. ಗುಂಪಿಗೆ ಎರಡು ನೀರಿನ ಡಬ್ಬ ಇರಲಿ, ಒಂದು ತೊಳೆಯಲು, ಒಂದು ಬಣ್ಣಕ್ಕೆ. ಅಗಲ ತಳದ ಡಬ್ಬ, ಅರ್ಧ ಮಾತ್ರ ನೀರು. ಒಂದು ಹಳೇ ಬನಿಯನ್ ತುಂಡು. ಕುಂಚವನ್ನು ನೀರಿನ ಡಬ್ಬದಲ್ಲಿ ಕೂದಲು ಕೆಳಗಾಗಿ ನಿಲ್ಲಿಸಿ ಮರೆತರೆ ಮರುದಿನಕ್ಕೆ ಅದು ಪೊರಕೆ.

ಇಷ್ಟೂ ಕೊಳ್ಳಲು ಆಗದ ಶಾಲೆಗೆ ಇದ್ದಿಲು ಇದೆ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕಾರರು ರೇಖೆ ಹಾಕಿಕೊಳ್ಳುತ್ತಿದ್ದದ್ದು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯೊಳಗೆ ಸುಟ್ಟು ಮಾಡಿದ ಇದ್ದಿಲಿನಲ್ಲೇ. ಕೊಳವೆ ಬದಲು ಬಿಗಿ ಮುಚ್ಚಳದ ತಗಡಿನ ಡಬ್ಬ ಸಾಕು. ಪೆನ್ಸಿಲ್ ದಪ್ಪದ ಹುಣಸೆ ಕಡ್ಡಿಗಳನ್ನು ನಾಲ್ಕು ಇಂಚಿಗೆ ಕತ್ತರಿಸಿ, ತೊಗಟೆ ಸುಲಿದು, ಎರಡು ದಿನ ಬಿಸಿಲಿಗೆ ಒಣಗಿಸಿ. ಡಬ್ಬದೊಳಗೆ ಅಲುಗಾಡದಂತೆ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಸಣ್ಣ ಮೊಳೆಯಿಂದ ಒಂದೇ ತೂತು ಮಾಡಿ ಸೌದೆ ಬೆಂಕಿಯಲ್ಲಿಡಿ. ಮೊದಲು ತೂತಿನಿಂದ ಬಿಳಿ ಹೊಗೆ ಬರುತ್ತದೆ, ಆಮೇಲೆ ಆ ಹೊಗೆಗೇ ಬೆಂಕಿ ಹತ್ತಿ ಸಣ್ಣ ಜ್ವಾಲೆ ಉರಿಯಬಹುದು. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಹೊಗೆ ನಿಲ್ಲುತ್ತದೆ. ಡಬ್ಬವನ್ನು ಇಕ್ಕುಳದಿಂದ ಈಚೆ ತೆಗೆದು, ತೂತಿಗೆ ಹಸಿ ಮಣ್ಣು ಮೆತ್ತಿ, ರಾತ್ರಿಯಿಡೀ ಬಿಡಿ. ಬೆಂಕಿಯ ಕೆಲಸ ದೊಡ್ಡವರದು, ಮಕ್ಕಳು ದೂರ ನಿಂತು ನೋಡಲಿ.

ಕೆಡುವುದು ಮೂರು ಕಡೆ. ತೂತು ದೊಡ್ಡದಾದರೆ ಗಾಳಿ ಹೊಕ್ಕು ಒಳಗೆ ಬೂದಿ. ಬೇಗ ತೆಗೆದರೆ ಕಡ್ಡಿಯ ನಡುವೆ ಕಂದು ಮರ ಉಳಿದು ಗೀರಿದರೆ ಪರಪರ ಎನ್ನುತ್ತದೆ, ಕಪ್ಪು ಬರುವುದಿಲ್ಲ. ಬಿಸಿಯಿರುವಾಗಲೇ ಆಸೆಪಟ್ಟು ಮುಚ್ಚಳ ತೆಗೆದಿರೋ, ಗಾಳಿ ತಾಗಿದ ಕ್ಷಣಕ್ಕೆ ಎಲ್ಲ ಕೆಂಡ. ಸರಿಯಾಗಿ ಆದ ಕಡ್ಡಿ ಹಗುರ, ಮುರಿದರೆ ಚಟ್ ಎಂದು ಮುರಿಯುತ್ತದೆ, ಒಳಗೂ ಹೊರಗೂ ಒಂದೇ ಕಪ್ಪು. ಬರೆದ ಹಾಳೆಗಳ ನಡುವೆ ಹಳೇ ಪೇಪರ್ ಇಟ್ಟರೆ ಒಂದಕ್ಕೊಂದು ಮೆತ್ತಿಕೊಳ್ಳುವುದಿಲ್ಲ.

ಮಣ್ಣಿನ ಕೆಲಸಕ್ಕೆ ಮಗುವಿಗೆ ಅರ್ಧ ಕೆಜಿ, ಒಟ್ಟು 20 ಕೆಜಿ ಹದ ಮಾಡಿದ ಮಣ್ಣು. ಕೆರೆಯ ಗೋಡು ಒಳ್ಳೆಯದು. ಕುಂಬಾರರ ಮನೆ ಹತ್ತಿರವಿದ್ದರೆ ಅವರನ್ನೇ ಕೇಳಿ, ಯಾವ ಕೆರೆಯ ಯಾವ ಮೂಲೆಯ ಮಣ್ಣು ಅಂಟು ಎಂದು ಅವರಿಗೆ ಗೊತ್ತು. ಹುತ್ತದ ಮಣ್ಣು ನುಣುಪೇ, ಆದರೆ ಹುತ್ತ ಒಡೆಸಲು ಹೋಗಬೇಡಿ. ಊರವರ ನಂಬಿಕೆಯೂ ಇದೆ, ಒಳಗೆ ಯಾರಿದ್ದಾರೋ ಎಂಬ ಭಯವೂ ಇದೆ. ತಂದ ಮಣ್ಣನ್ನು ಪೂರ್ತಿ ಒಣಗಿಸಿ, ಪುಡಿ ಮಾಡಿ, ಎರಡು ದಿನ ಬಕೆಟ್ಟಿನಲ್ಲಿ ನೆನೆಸಿ. ಹಸಿ ಹೆಂಟೆ ನೀರಲ್ಲಿ ಬೇಗ ಕರಗುವುದಿಲ್ಲ, ಒಣಗಿದ್ದು ತಾನೇ ಬಿಚ್ಚಿಕೊಳ್ಳುತ್ತದೆ. ಸೊಳ್ಳೆಪರದೆಯಲ್ಲಿ ಸೋಸಿ, ತಿಳಿನೀರು ಬಸಿದು, ಗೋಣಿಚೀಲದ ಮೇಲೆ ಹರಡಿದರೆ ಒಂದೆರಡು ದಿನಕ್ಕೆ ಕಲಸುವ ಹದ. ಚಪಾತಿ ಹಿಟ್ಟಿನ ಹಾಗೆ ನಾದಿ, ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಟ್ಟರೆ ನೀರು ಸಾಲದು, ಕೈಗೆ ಅಂಟಿದರೆ ಹೆಚ್ಚಾಗಿದೆ. ತೀರಾ ಅಂಟು ಮಣ್ಣಾದರೆ ಹತ್ತು ಹಿಡಿಗೆ ಒಂದು ಹಿಡಿ ಸಣ್ಣ ಮರಳು ಸೇರಿಸಿ, ಒಣಗುವಾಗ ಕುಗ್ಗುವುದು ಕಡಿಮೆಯಾಗುತ್ತದೆ.

ಮಕ್ಕಳ ಮಣ್ಣಿನ ಎತ್ತು ಒಣಗುವಷ್ಟರಲ್ಲಿ ಕೊಂಬು, ಬಾಲ, ಕಾಲು ಉದುರಿಬಿಡುವುದು ಎಲ್ಲ ಕಡೆ ಇರುವ ದೂರು. ಕಾರಣ ಒಂದೇ, ಮಗು ಅದನ್ನು ಅಂಟಿಸಿತ್ತು ಅಷ್ಟೇ. ಸೇರುವ ಎರಡೂ ಮೈಯನ್ನು ಕಡ್ಡಿಯಲ್ಲಿ ಅಡ್ಡಡ್ಡ ಗೀರಿ, ಗಂಜಿಯಂಥ ತೆಳು ಕೆಸರು ಹಚ್ಚಿ, ಒತ್ತಿ, ಸಂದನ್ನು ಬೆರಳಿನಿಂದ ಸವರಿ ಮುಚ್ಚಬೇಕು. ಇನ್ನೂ ಒಳ್ಳೆಯದು, ಒಂದೇ ಮುದ್ದೆಯಿಂದ ಕಾಲು, ಕುತ್ತಿಗೆ ಎಳೆದು ತೆಗೆಯುವುದು. ಹೆಬ್ಬೆರಳಿಗಿಂತ ದಪ್ಪ ಇರುವ ಜಾಗವನ್ನು ಕೆಳಗಿನಿಂದ ತೋಡಿ ಟೊಳ್ಳು ಮಾಡಿ. ಬಿಸಿಲಿಗೆ ಇಡಬೇಡಿ: ಹೊರಮೈ ಮೊದಲು ಕುಗ್ಗಿ ಒಳಗಿನ ಹಸಿಯ ಮೇಲೆ ಸೀಳುತ್ತದೆ. ನೆರಳಲ್ಲಿ, ಮೊದಲ ಎರಡು ದಿನ ಒದ್ದೆ ಬಟ್ಟೆಯ ಕೆಳಗೆ, ವಾರದಲ್ಲಿ ಒಣಗುತ್ತದೆ. ಸುಡದಿದ್ದರೂ ಪರವಾಗಿಲ್ಲ. ನೋಡಿಯಾದ ಮೇಲೆ ಮತ್ತೆ ಬಕೆಟ್ಟಿಗೆ ಹಾಕಿದರೆ ಮುಂದಿನ ವರ್ಷವೂ ಅದೇ ಮಣ್ಣು.

ಕಾಗದದ ಕೆಲಸವನ್ನು ಹೊಸದಾಗಿ ಕಲಿಸುವ ಅಗತ್ಯವೇ ಇಲ್ಲ. ಪೇಪರ್ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ ಮೊರಕ್ಕೆ ಮೆತ್ತುವುದು ಹಳ್ಳಿಯ ಅಜ್ಜಿಯರಿಗೆ ಗೊತ್ತು. ಒಬ್ಬ ಅಜ್ಜಿಯನ್ನು ಶಾಲೆಗೆ ಕರೆದರೆ ಆಯಿತು. ಅದೇ ರುಬ್ಬನ್ನು ಎಣ್ಣೆ ಸವರಿದ ಬಟ್ಟಲ ಮೇಲೆ ಕಾಲು ಇಂಚು ಮೆತ್ತಿದರೆ ಮುಖವಾಡ. ಸೋಮನ ಕುಣಿತ ನೋಡಿ ಬೆಳೆದ ಮಕ್ಕಳಿಗೆ ಅದಕ್ಕೆ ಹೇಗೆ ಕಣ್ಣು ಬರೆಯಬೇಕೆಂದು ಹೇಳಿಕೊಡಬೇಕಾಗಿಲ್ಲ.

ಪ್ರವಾಸಕ್ಕೆ ದೂರ ಹೋಗಬೇಡಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಇದೆ, ಟಿಪ್ಪುವಿನ 1784ರ ಅರಮನೆ. ಪಶ್ಚಿಮದ ಗೋಡೆಯ ಮೇಲೆ, ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಬಹುತೇಕ ಶಾಲೆಗಳ ಸಾಲು ಅದರ ಮುಂದೆ ಮೂರು ನಿಮಿಷ ನಿಂತು ಐಸ್‌ಕ್ರೀಮಿನ ಕಡೆ ತಿರುಗುತ್ತದೆ. ಬದಲಿಗೆ ಪ್ರತಿ ಮಗುವಿಗೂ ಅಂಗೈಯಗಲದ ರಟ್ಟಿನ ಚೌಕಟ್ಟು ಕೊಡಿ. ಗೋಡೆಯ ಯಾವುದಾದರೂ ಒಂದು ತುಣುಕನ್ನು ಅದರೊಳಗಿಂದ ನೋಡಿ ಪೆನ್ಸಿಲಿನಲ್ಲಿ ಬರೆಯಲಿ, ಇಪ್ಪತ್ತು ನಿಮಿಷ, ಗೋಡೆಯಿಂದ ದೂರ ಕೂತು. ಶಾಲೆಗೆ ಬಂದು ನಲವತ್ತೂ ತುಣುಕು ಜೋಡಿಸಿದಾಗ ಸಿಗುವ ಯುದ್ಧದಲ್ಲಿ ಆನೆಗಿಂತ ಮೀಸೆಗಳೇ ಜಾಸ್ತಿ ಇರುತ್ತವೆ, ಇರಲಿ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಳದಣಕರ್ ಅವರ ದೀಪದ ಹೆಂಗಸಿನ ಚಿತ್ರ ಎಲ್ಲರಿಗೂ ಗೊತ್ತು. ಅದು ಜಲವರ್ಣ ಎಂಬುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಹೋಗುವ ಹಿಂದಿನ ದಿನ ಕ್ಲಾಸಿನ ಕಿಟಕಿ ಮುಚ್ಚಿ, ಮೊಬೈಲ್ ಟಾರ್ಚನ್ನು ಬೆರಳುಗಳಿಂದ ಮರೆ ಮಾಡಿ ತೋರಿಸಿ. ಬೆರಳಂಚು ಕೆಂಪಗೆ ಹೊಳೆಯುತ್ತದೆ, ಗಲ್ಲದ ಕೆಳಗೆ ಬೆಳಕು, ಕಣ್ಣಿನ ಮೇಲೆ ನೆರಳು. ಇದನ್ನು ಕಂಡು ಹೋದ ಮಗು ಆ ಚಿತ್ರದ ಮುಂದೆ ಮೊದಲು ನೋಡುವುದು ಬೆರಳನ್ನೇ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯೂ ಇದೇ ಊರಲ್ಲಿದೆ. ಅಲ್ಲಿ ಓದುವ ಹುಡುಗ ಹುಡುಗಿಯರನ್ನು ತಿಂಗಳಿಗೊಮ್ಮೆ ಬಸ್ ಚಾರ್ಜು, ಊಟ ಕೊಟ್ಟು ಕರೆಸಿಕೊಂಡರೆ ಚಿತ್ರಕಲಾ ಶಿಕ್ಷಕರಿಲ್ಲದ ಪ್ರಾಥಮಿಕ ಶಾಲೆಗೆ ದೊಡ್ಡ ಉಪಕಾರ. ಕರೆದು ಗೋಡೆಗೆ ಚಿತ್ರ ಬರೆಸಿಕೊಳ್ಳಬೇಡಿ, ಮಕ್ಕಳ ಜೊತೆ ಕೂರಿಸಿ. ನಾಟಕದ ಕಡೆ ಒಲವಿರುವ ಮಕ್ಕಳಿಗೆ ರಂಗಾಯಣದ ಚಿನ್ನರ ಮೇಳ ಬೇಸಿಗೆಯಲ್ಲಿದೆ.

ಸ್ಪರ್ಧೆಗಳ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಪ್ರತಿಭಾ ಕಾರಂಜಿಯಿಂದ ಕ್ಲಸ್ಟರ್ ಮಟ್ಟದಲ್ಲೇ ಎಷ್ಟೋ ಮಕ್ಕಳು ಬೆಳಕಿಗೆ ಬಂದಿದ್ದಾರೆ, ಒಪ್ಪುತ್ತೇನೆ. ಆದರೆ ಶಾಲೆಯ ವರ್ಷದ ಕಾಗದವೆಲ್ಲ ಗೆಲ್ಲುವ ಇಬ್ಬರ ಅಭ್ಯಾಸಕ್ಕೆ ಖರ್ಚಾಗಿ, ಉಳಿದ ಮೂವತ್ತೆಂಟು ಮಕ್ಕಳು ಚಪ್ಪಾಳೆಗೆ ಮಾತ್ರ ಬೇಕಾದರೆ ಅದು ಕಲಾ ಶಿಕ್ಷಣವಲ್ಲ. ತೀರ್ಪುಗಾರರಿಗೆ ಹಿಡಿಸುವ ಚಿತ್ರವನ್ನು ಮೊದಲೇ ಕಂಠಪಾಠ ಮಾಡಿಸುವುದಂತೂ ಎರಡು ಬೆಟ್ಟದ ಚಿತ್ರದ ಅಣ್ಣ. ಈಗ ಅದರಲ್ಲಿ ಭೂಮಿಗೆ ಎರಡು ಕೈ ಬಂದು ಒಂದು ಗಿಡ ಹಿಡಿದುಕೊಂಡಿರುತ್ತದೆ. ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟಿಸುವುದು ಬೇರೆ ಮಾತು, ಅದು ಬೇಕೆನ್ನುವ ಮಕ್ಕಳಿಗೆ ಬಿಡಿ.

ಗ್ರೇಡು ಕೊಡಲೇಬೇಕಾದಾಗ ಚಿತ್ರಕ್ಕಲ್ಲ, ಕೆಲಸಕ್ಕೆ ಕೊಡಿ. ವಸ್ತುವನ್ನು ಎಷ್ಟು ಹೊತ್ತು ನೋಡಿತು, ಮೊದಲ ಹಾಳೆಗೂ ಎರಡನೆಯದಕ್ಕೂ ಏನು ಬದಲಾಯಿತು, ಬೇಕಾದ ಬಣ್ಣ ತಾನೇ ಬೆರೆಸಿತೋ ಇಲ್ಲವೋ, ಕುಂಚ ತೊಳೆದಿಟ್ಟಿತೋ. ಇದಕ್ಕಾಗಿ ಪ್ರತಿ ಹಾಳೆಯ ಹಿಂದೆ ಹೆಸರು, ತಾರೀಖು, ನೋಡಿದ ವಸ್ತು ಬರೆಸಬೇಕು. ಮುಂದುಗಡೆ ಬೇಡ, ಮೇಷ್ಟ್ರ ಕೆಂಪು ಸಹಿ ಅಂತೂ ಬೇಡ.

ಹಾಳೆಗಳನ್ನು ಕಾರಿಡಾರಿನಲ್ಲಿ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಿಂದ ನೇತುಹಾಕಿ, ಮಗುವಿನ ಕಣ್ಣಿನ ಎತ್ತರಕ್ಕೆ. ಚೆನ್ನಾಗಿರುವುದನ್ನು ಆರಿಸುವ ಗೋಜು ಬೇಡ, ಎಲ್ಲವನ್ನೂ, ಹಾಜರಿ ಕ್ರಮದಲ್ಲಿ. ಹದಿನೈದು ದಿನಕ್ಕೊಮ್ಮೆ ಇಳಿಸಿ ಕಟ್ಟು ಕಟ್ಟುವಾಗ ನೆಲದ ಮೇಲೆ, ಗೋಡೆಗೆ ತಾಗಿಸಿ ಇಟ್ಟಿರೋ ಗೆದ್ದಲಿಗೆ ಹಬ್ಬ. ನಾಲೆ ಬಯಲಿನ ಶಾಲೆಗಳಲ್ಲಿ ಕಟ್ಟನ್ನು ತಿಂದು ಮುಗಿಸಲು ಅದಕ್ಕೆ ಒಂದು ಮಳೆಗಾಲ ಸಾಕು. ಕಬ್ಬಿಣದ ಬೀರುವಿನ ಮೇಲಿನ ಅರೆಯಲ್ಲಿಡಿ. ಮಾರ್ಚಿನಲ್ಲಿ ಪ್ರತಿ ಮಗುವಿನದೂ ಎರಡೇ ಹಾಳೆ, ಜೂನ್‌ನದೊಂದು, ಫೆಬ್ರವರಿಯದೊಂದು, ಶಾಲೆಯಲ್ಲಿ ಉಳಿಸಿಕೊಂಡು ಮಿಕ್ಕದ್ದನ್ನು ಮನೆಗೆ ಕೊಟ್ಟು ಕಳಿಸಿ. ಮುಂದಿನ ವರ್ಷ ಬರುವ ಹೊಸ ಮೇಷ್ಟ್ರಿಗೆ ಆ ಎರಡು ಹಾಳೆ ಸಾಕು, ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತದೆ.